ರೊಪ್ಪಕ್ಕೆ ಚಿರತೆ, ಮಂದೆಗೆ ತೋಳ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದರೆ ಮೂರು ಕುರಿ ಸತ್ತು ಬಿದ್ದಿವೆ, ಒಂದು ಮರಿ ಕಾಣುತ್ತಿಲ್ಲ. ಊರಲ್ಲಿ ಆಗ ಏಳುವ ಮಾತು ಎರಡೇ: ‘ಬೋನು ಇಡಿಸಿ’, ಇಲ್ಲವೇ ‘ವಿಷ ಹಾಕಿ’. ಆ ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಬಹಳ ಇದೆ, ಈ ಬರಹ ಅದರ ಬಗ್ಗೆ. ಬಯಲುಸೀಮೆಯಲ್ಲಿ ಕುರಿ, ಮೇಕೆ, ದನ ಸಾಕಿ ಬದುಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಡಂಚಿನ ಊರಿನವರಿಗೂ ಬಹುಪಾಲು ಹೊಂದುತ್ತದೆ.

ಪ್ರಾಣಿ ಬಂದದ್ದಕ್ಕೆ ಒಂದು ಕಾರಣ ಇರುತ್ತದೆ, ಒಳಹೊಕ್ಕದ್ದಕ್ಕೆ ಒಂದು ದಾರಿ ಇರುತ್ತದೆ. ಇವೆರಡೂ ಹಾಗೇ ಉಳಿದರೆ, ಬಂದ ಚಿರತೆಯನ್ನು ಹಿಡಿದು ಸಾಗಿಸಿದರೂ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಪಾಲು 1,879 ಚಿರತೆ. ಆದ್ದರಿಂದ ಹುಡುಕಬೇಕಾದದ್ದು ನಮ್ಮ ಕಾವಲಿನಲ್ಲಿರುವ ದೋಷವನ್ನು. ಅದನ್ನು ಹುಡುಕದೆ ಸಂತೆಯಲ್ಲಿ ಕಂಡ ಮಿನುಗು ದೀಪ ತಂದು ನೇತುಹಾಕಿದರೆ ದುಡ್ಡು ದಂಡ.

ಮೊದಲ ತಪಾಸಣೆ: ಬಂದದ್ದು ಯಾವುದು?

ಸತ್ತದ್ದನ್ನು ಎಳೆದು ಹಾಕಬೇಡಿ. ಸುತ್ತ ಜನ ತುಳಿದಾಡಲು ಬಿಡಬೇಡಿ. ಚೆನ್ನಾಗಿ ಮೂಡಿದ ಹೆಜ್ಜೆ ಕಂಡರೆ ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇಟ್ಟು ಫೋಟೊ ತೆಗೆದು, ಮೇಲೆ ಮಂಕರಿ ಕವುಚಿಡಿ. ಅರಣ್ಯ ಇಲಾಖೆಯವರು ಬರುವವರೆಗೆ ಅದೇ ನಿಮ್ಮ ಸಾಕ್ಷಿ.

ಚಿರತೆಯ ಹೆಜ್ಜೆ ದುಂಡಗಿರುತ್ತದೆ, ಉಗುರಿನ ಗುರುತು ಇರುವುದಿಲ್ಲ. ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ತೋಳ, ನಾಯಿ, ನರಿಯ ಹೆಜ್ಜೆ ನೀಳವಾಗಿದ್ದು ಬೆರಳಿನ ಮುಂದೆ ಉಗುರು ಚುಚ್ಚಿದ ಚುಕ್ಕಿ ಇರುತ್ತದೆ. ತೋಳವೋ ದೊಡ್ಡ ನಾಯಿಯೋ ಎಂದು ಒಂದೇ ಹೆಜ್ಜೆ ನೋಡಿ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಅದಕ್ಕೆ ಹೆಜ್ಜೆಯ ಸಾಲು ನೋಡಿ. ತೋಳ ನೇರ ಗೆರೆಯಲ್ಲಿ, ಮುಂಗಾಲಿಟ್ಟ ಜಾಗದಲ್ಲೇ ಹಿಂಗಾಲಿಟ್ಟು ಹೋಗಿರುತ್ತದೆ. ನಾಯಿ ಅಲ್ಲಿ ಮೂಸಿ, ಇಲ್ಲಿ ತಿರುಗಿ ಅಡ್ಡಾದಿಡ್ಡಿ ಓಡಾಡಿರುತ್ತದೆ.

ಗಾಯ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಚಿರತೆ ಗಂಟಲಿಗೋ ಕತ್ತಿನ ಹಿಂದಕ್ಕೋ ಬಾಯಿ ಹಾಕಿ ಬಿಗಿಹಿಡಿಯುತ್ತದೆ. ಕೋರೆಹಲ್ಲಿನ ತೂತು ಜೋಡಿಯಾಗಿ ಕಾಣುತ್ತದೆ, ಉಳಿದ ಮೈಯಲ್ಲಿ ಗಾಯ ಕಡಿಮೆ. ತೋಳಕ್ಕೆ ಮರಿ ಸಿಕ್ಕರೆ ಹೊತ್ತೊಯ್ಯುತ್ತದೆ, ಜಾಗದಲ್ಲಿ ಏನೂ ಉಳಿಯುವುದಿಲ್ಲ. ಕಿವಿ, ತೊಡೆ, ಬಾಲ, ಕೆಚ್ಚಲು ಎಲ್ಲ ಕಡೆ ಹರಿದು, ಹಲವು ಕುರಿಗಳಿಗೆ ಗಾಯವಾಗಿ, ತಿಂದದ್ದು ಮಾತ್ರ ಅಲ್ಪಸ್ವಲ್ಪ ಎಂದಾದರೆ ಅದು ಬೀದಿನಾಯಿ ಗುಂಪಿನ ಕೆಲಸ. ತೋಳದ ಲೆಕ್ಕಕ್ಕೆ ಸೇರಿದ ಎಷ್ಟೋ ಸಾವು ನಿಜವಾಗಿ ನಾಯಿಗಳದ್ದು. ಹಗಲು ಹೊತ್ತು, ಕಾಡಂಚಿನಲ್ಲಿ, ಹಿಂಡಾಗಿ ಬಂದು ಹಿಂಭಾಗದಿಂದ ಹರಿದು ತಿಂದಿದ್ದರೆ ಸೀಳುನಾಯಿ. ದೊಡ್ಡ ದನವನ್ನು ಕೊಂದು ಹಿಂದೊಡೆಯಿಂದ ತಿನ್ನಲು ತೊಡಗಿದ್ದರೆ ಹುಲಿಯೆಂದು ಅನುಮಾನಿಸಿ. ಕತ್ತೆಕಿರುಬದ ಮೇಲೆ ದೂರು ಬಹಳ, ಆದರೆ ಅದು ಹೆಚ್ಚಾಗಿ ಸತ್ತದ್ದನ್ನು ತಿನ್ನಲು ಬಂದದ್ದು. ಮೂಳೆ ಅಗಿದು ತಿನ್ನುವುದರಿಂದ ಅದರ ಹಿಕ್ಕೆ ಬಿಳಿಚಿಕೊಂಡಿರುತ್ತದೆ.

ಇನ್ನೊಂದು ಪರೀಕ್ಷೆ ತುಂಬ ಮುಖ್ಯ. ಕುರಿ ಮೊದಲೇ ಸತ್ತಿತ್ತೋ, ಪ್ರಾಣಿ ಕೊಂದದ್ದೋ? ಕಚ್ಚಿದ ಜಾಗದಲ್ಲಿ ತೊಗಲು ಬಿಡಿಸಿ ನೋಡಿದರೆ ಜೀವ ಇದ್ದಾಗ ಆದ ಗಾಯದ ಅಡಿಯಲ್ಲಿ ನೆತ್ತರು ಹೆಪ್ಪುಗಟ್ಟಿ ಮಾಂಸ ಕಪ್ಪಾಗಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ಹಾಗಾಗುವುದಿಲ್ಲ. ಕರುಳುಬೇನೆಯಲ್ಲಿ ಕೊಬ್ಬಿದ ಕುರಿಯೂ ರಾತ್ರಿ ಬೆಳಗಾಗುವುದರೊಳಗೆ ಸಾಯುತ್ತದೆ, ನರಿ ಬಂದು ತಿನ್ನುತ್ತದೆ, ಅಪವಾದ ತೋಳಕ್ಕೆ ಬರುತ್ತದೆ. ಈ ಪರೀಕ್ಷೆಯನ್ನು ಪಶುವೈದ್ಯರ ಕೈಯಲ್ಲೇ ಮಾಡಿಸಿ. ಗಾಯವೇ ಇಲ್ಲದೆ ಸತ್ತಿದ್ದು, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಯಾರೂ ಕತ್ತಿ ತಾಗಿಸಬಾರದು. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ತಗಲುತ್ತದೆ.

ಲಕ್ಷಣ: ಮುಚ್ಚಿದ ರೊಪ್ಪದೊಳಗೆ ಹಲವು ಸತ್ತಿವೆ, ತಿಂದದ್ದು ಒಂದನ್ನೂ ಪೂರ್ತಿ ಅಲ್ಲ

ಇದನ್ನು ಕಂಡವರು ಚಿರತೆಗೆ ರಕ್ತದ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಹುಚ್ಚು ಅಲ್ಲ. ಬಯಲಿನಲ್ಲಿ ಒಂದನ್ನು ಹಿಡಿದರೆ ಉಳಿದವು ಓಡಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿದ ರೊಪ್ಪದಲ್ಲಿ ಕುರಿಗಳು ಓಡಲು ದಾರಿಯಿಲ್ಲದೆ ಅದರ ಕಣ್ಣೆದುರೇ ಸುತ್ತುತ್ತವೆ, ಓಡುವುದನ್ನು ಹಿಡಿಯುವುದು ಅದರ ಹುಟ್ಟುಗುಣ. ಲಡಾಖ್‌ನಲ್ಲಿ ಹಿಮಚಿರತೆ ದೊಡ್ಡಿಗೆ ಇಳಿದಾಗಲೂ ಇದೇ ಆಗುತ್ತದೆ. ಅಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಇಂಡಿಯಾ ಟ್ರಸ್ಟ್ ಊರಿನವರೊಡನೆ ಸೇರಿ ಮಾಡಿದ್ದು ಸರಳ ಕೆಲಸ: ದೊಡ್ಡಿಯ ಮೇಲೆ ತಂತಿ ಜಾಲರಿ, ಗಟ್ಟಿ ಬಾಗಿಲು. ಬಂಡೀಪುರ, ನಾಗರಹೊಳೆ ಸುತ್ತಲಿನ ಊರುಗಳಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಕೂಡ ಇಂಥ ಭದ್ರವಾದ ಕೊಟ್ಟಿಗೆ ಕಟ್ಟಿಸಿಕೊಟ್ಟಿದೆ.

ಹಾಗಾಗಿ ಇಲ್ಲಿ ಮೊದಲು ನೋಡಬೇಕಾದದ್ದು ಮೇಲ್ಭಾಗ. ಗೋಡೆಯನ್ನು ಆರು ಅಡಿಯಿಂದ ಎಂಟು ಅಡಿಗೆ ಏರಿಸಿ ಮೇಲೆ ತೆರೆದೇ ಬಿಟ್ಟರೆ ಪ್ರಯೋಜನವಿಲ್ಲ. ಚಿರತೆ ಹತ್ತು ಅಡಿಯವರೆಗೂ ನೆಗೆಯಬಲ್ಲದು, ಚೈನ್‌ಲಿಂಕ್ ಜಾಲರಿಯನ್ನು ಹತ್ತಲೂ ಬಲ್ಲದು. ಶೀಟು ಹೊದಿಸಿದ ಶೆಡ್ಡುಗಳಲ್ಲಿ ಗೋಡೆಗೂ ಶೀಟಿಗೂ ನಡುವೆ ಗಾಳಿಗೆಂದು ಬಿಟ್ಟ ಸಂದೇ ದಾರಿ. ಗೋಡೆಗೆ ಒರಗಿಸಿದ ಸೌದೆ ರಾಶಿ, ಹುಲ್ಲು ಬಣವೆ, ಬಾಗಿದ ಮರದ ಕೊಂಬೆ ಇವೆಲ್ಲ ಅದಕ್ಕೆ ಮೆಟ್ಟಿಲು.

ಸಂದು ಹುಡುಕಲು ಒಂದು ಸುಲಭದ ದಾರಿ ಇದೆ. ಕತ್ತಲಾದ ಮೇಲೆ ಒಬ್ಬರು ಒಳಗೆ ಬ್ಯಾಟರಿ ಹಿಡಿದು ಮೂಲೆ ಮೂಲೆಗೆ ಬೆಳಕು ಬಿಡಲಿ, ಇನ್ನೊಬ್ಬರು ಹೊರಗೆ ಸುತ್ತು ಬರಲಿ. ಬೆಳಕು ಹೊರಬಿದ್ದಲ್ಲೆಲ್ಲ ಗುರುತು ಹಾಕಿ. ಆಮೇಲೆ ಬಾಗಿಲನ್ನು ಹೊರಗಿನಿಂದ ಭುಜ ಕೊಟ್ಟು ನೂಕಿ ನೋಡಿ. ಎಲ್ಲ ಭದ್ರವಾಗಿದ್ದು ಬಾಗಿಲಿಗೆ ಮಾತ್ರ ಹಗ್ಗದ ಕಟ್ಟು ಹಾಕಿದ ರೊಪ್ಪಗಳೇ ಹೆಚ್ಚು. ಅಗಳಿ ಕಬ್ಬಿಣದ್ದಿರಲಿ, ಬಾಗಿಲ ಕೆಳಗೆ ಕಲ್ಲಿನ ಹೊಸ್ತಿಲಿರಲಿ. ಸಂದು ಕಂಡಿತೆಂದು ಇಟ್ಟಿಗೆ ಇಟ್ಟು ಮುಚ್ಚಿಬಿಡಬೇಡಿ; ಗಾಳಿಯಾಡದೆ ಮೂತ್ರದ ಘಾಟು ತುಂಬಿ ಮರಿಗಳಿಗೆ ನ್ಯುಮೋನಿಯಾ ಬರುತ್ತದೆ. ಗಟ್ಟಿ ತಂತಿಯ, ಎರಡು ಇಂಚಿಗಿಂತ ದೊಡ್ಡ ಕಣ್ಣಿಲ್ಲದ ಜಾಲರಿ ಬಿಗಿಯಿರಿ.

ತೋಳ, ನಾಯಿ, ನರಿ ಅಡಿಯಿಂದ ಕೆರೆದು ಬರುತ್ತವೆ. ಬೇಲಿಯ ಜಾಲರಿಯನ್ನು ನೆಲದ ಹತ್ತಿರ ಹೊರಮುಖವಾಗಿ ಬಗ್ಗಿಸಿ ಎರಡು ಅಡಿ ಹಾಸಿ, ಮೇಲೆ ಕಲ್ಲು ಹೇರಿ. ಬೇಲಿಯ ಬುಡದಲ್ಲೇ ಕೆರೆಯುವುದು ಅವುಗಳ ರೂಢಿ, ಅಲ್ಲಿ ತಂತಿ ತಾಗಿದರೆ ಎರಡಡಿ ಹಿಂದೆ ಸರಿದು ಕೆರೆಯಬೇಕೆಂದು ಅವಕ್ಕೆ ಹೊಳೆಯುವುದು ಅಪರೂಪ.

ಇಷ್ಟು ದುಡ್ಡಿಲ್ಲದವರು ಬಳ್ಳಾರಿ ಜಾಲಿಯ ಮುಳ್ಳನ್ನೇ ದಪ್ಪವಾಗಿ, ಬುಡ ಒಳಮುಖ, ತುದಿ ಹೊರಮುಖವಾಗಿ ಜೋಡಿಸಬಹುದು. ತೋಳ, ನಾಯಿಗೆ ಇದು ತಡೆಯೇ. ಮುಳ್ಳು ಒಣಗಿದಂತೆ ಕುಗ್ಗುತ್ತದೆ, ಸಂದು ಬೀಳುತ್ತದೆ, ಆಗಾಗ ಹೊಸ ಮುಳ್ಳು ತುಂಬಬೇಕು. ಟಾಂಜಾನಿಯಾದ ಮಾಸಾಯಿ ದನಗಾಹಿಗಳು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಚಿಗುರುವ ಮರದ ಗೂಟ ನೆಟ್ಟು, ಅದಕ್ಕೇ ಚೈನ್‌ಲಿಂಕ್ ಬಿಗಿದು, ಮರ ಬೆಳೆದಂತೆ ಬೇಲಿಯೂ ಗಟ್ಟಿಯಾಗುವಂತೆ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಅದಕ್ಕೆ ಗ್ಲಿರಿಸಿಡಿಯ ಗೂಟ ಆಗುತ್ತದೆ.

ಲಕ್ಷಣ: ಹೊಲದಲ್ಲಿ ಮಂದೆ ಹಾಕಿದಾಗ ಮರಿ ಒಂದೊಂದೇ ಮಾಯ

ಇದು ತೋಳದ ಬಗೆ, ಊರೂರು ಸುತ್ತುವ ಕುರಿಗಾರರ ಕಷ್ಟ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವಾಗ ಸುತ್ತ ಕಟ್ಟುವ ನೈಲಾನ್ ಬಲೆ ಕುರಿ ಹೊರಗೆ ಹೋಗದಿರಲು ಇರುವುದು, ತೋಳ ಒಳಗೆ ಬಾರದಿರಲು ಅಲ್ಲ. ತೋಳಕ್ಕೆ ಅದು ಗೊತ್ತು.

ಮರಿ ಎಲ್ಲಿ ಮಲಗಿದ್ದವು ಎಂದು ಮೊದಲು ಕೇಳಿಕೊಳ್ಳಿ. ಬಲೆಯ ಅಂಚಿನಲ್ಲಿದ್ದರೆ ದೋಷ ಅಲ್ಲೇ ಇದೆ. ಮರಿಗಳನ್ನು ತಡಿಕೆ ಕಟ್ಟಿದ ಪ್ರತ್ಯೇಕ ಗೂಡಿನಲ್ಲಿ, ಮಂದೆಯ ನಡುವೆ, ಜನ ಮಲಗುವ ಜಾಗಕ್ಕೆ ಹತ್ತಿರ ಇಡಿ. ಎಲ್ಲರೂ ಒಂದೇ ಕಡೆ ಕಂಬಳಿ ಹಾಸಿದರೆ ಉಳಿದ ಮೂರು ಮೂಲೆ ಖಾಲಿ. ಗಾಳಿ ಬೀಸಿ ಬರುವ ದಿಕ್ಕಿನ ಎದುರು ಬದಿಯಿಂದಲೇ ತೋಳ ಬರುವುದು ಹೆಚ್ಚು, ಏಕೆಂದರೆ ಅಲ್ಲಿಗೆ ಕುರಿಯ ವಾಸನೆ ತಲುಪುತ್ತದೆ, ಅದರ ವಾಸನೆ ನಾಯಿಗೆ ತಲುಪುವುದಿಲ್ಲ. ಆ ಬದಿಗೆ ಒಬ್ಬರು ಮಲಗಿ. ಚಳಿಗಾಲದಲ್ಲಿ, ಹೆಚ್ಚಾಗಿ ಡಿಸೆಂಬರ್ ಸುಮಾರಿಗೆ, ತೋಳ ಮರಿ ಹಾಕುತ್ತದೆ. ಮುಂದಿನ ಕೆಲವು ತಿಂಗಳು ಮರಿಗಳಿಗೆ ಉಣಿಸಬೇಕಾದ್ದರಿಂದ ಅದರ ಓಡಾಟ ಗವಿಯ ಸುತ್ತಲೇ. ಗವಿ ಎಲ್ಲಿದೆ ಎಂದು ಊರಿನ ಕುರಿಗಾಹಿಗಳಿಗೆ ತಿಳಿದಿರುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿಂದ ದೂರದ ಹೊಲ ಆರಿಸಿಕೊಳ್ಳಿ. ಗವಿಗೆ ಹೊಗೆ ಹಾಕಿ ಮರಿ ಕೊಲ್ಲುವುದು ಕೆಲವೆಡೆ ಇನ್ನೂ ಇದೆ. ಕೈಮುಗಿದು ಕೇಳುತ್ತೇನೆ, ಅದನ್ನು ಬಿಡಿ. ಈ ಪ್ರಾಣಿ ಉಳಿಯಲೆಂದೇ 1974ರಲ್ಲಿ ಮೇಲುಕೋಟೆಯಲ್ಲಿ, ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಧಾಮ ಮಾಡಿದ್ದು. ಆದರೆ ಅದು ಬದುಕುವುದು ಬಹುಪಾಲು ಧಾಮದ ಹೊರಗೆ, ಕುರಿ ಮೇಯುವ ಅದೇ ಹುಲ್ಲುಗಾವಲುಗಳಲ್ಲಿ.

ಇನ್ನು ಬಟ್ಟೆಪಟ್ಟಿಯ ಬೇಲಿ. ಹಗ್ಗಕ್ಕೆ ಮೊಳದುದ್ದದ ಕೆಂಪು ಬಟ್ಟೆ ಚೂರುಗಳನ್ನು ಅಷ್ಟೇ ಅಂತರದಲ್ಲಿ ಕಟ್ಟಿ, ತುದಿ ನೆಲಕ್ಕೆ ತಾಗಿತು ತಾಗಲಿಲ್ಲ ಎನ್ನುವಷ್ಟರಲ್ಲಿ ತೂಗಿಬಿಡುವುದು. ಪೂರ್ವ ಯುರೋಪಿನಲ್ಲಿ ಹಿಂದೆ ತೋಳವನ್ನು ಸುತ್ತುಗಟ್ಟಿ ಬೇಟೆಯಾಡಲು ಬಳಸುತ್ತಿದ್ದ ಉಪಾಯ ಇದು. ಅಲುಗಾಡುವ ಬಟ್ಟೆ ಸಾಲನ್ನು ದಾಟಲು ತೋಳ ಹೆದರುತ್ತದೆ. ಈಗ ಅಮೆರಿಕದಲ್ಲಿ ಇದನ್ನೇ ಕುರಿ ಕಾಯಲು ಕಟ್ಟುತ್ತಾರೆ. ಐಡಹೋ ರಾಜ್ಯದಲ್ಲಿ 2008ರಲ್ಲಿ ಶುರುವಾದ ವುಡ್ ರಿವರ್ ತೋಳ ಯೋಜನೆ ಬಟ್ಟೆಪಟ್ಟಿ, ಕಾವಲು ನಾಯಿ, ದೀಪ, ಹೆಚ್ಚು ಜನರ ಕಾವಲು ಇವನ್ನು ಬೆರೆಸಿ ನಡೆಸಿದಾಗ, ಏಳು ವರ್ಷಗಳ ಲೆಕ್ಕದಲ್ಲಿ ಆ ಜಾಗಕ್ಕಿಂತ ತೋಳಗಳನ್ನು ಜನರೇ ಕೊಲ್ಲುತ್ತಿದ್ದ ಪಕ್ಕದ ಪ್ರದೇಶದಲ್ಲೇ ಕುರಿ ನಷ್ಟ ಮೂರೂವರೆ ಪಟ್ಟು ಹೆಚ್ಚಿತ್ತು. ಬಟ್ಟೆಪಟ್ಟಿಯ ಪ್ರಭಾವ ಸುಮಾರು 60 ದಿನ. ಆಮೇಲೆ ತೋಳಕ್ಕೆ ಅದು ಬರೀ ಬಟ್ಟೆ ಎಂದು ತಿಳಿಯುತ್ತದೆ. ಮಂದೆ ಸದಾ ಜಾಗ ಬದಲಿಸುವ ನಮ್ಮ ಕುರಿಗಾರರಿಗೆ ಈ ಮಿತಿ ದೊಡ್ಡದಲ್ಲ. ಹರಿದ ಸೀರೆ ಸಾಕು. ಚಿರತೆಗೆ ಮಾತ್ರ ಇದನ್ನು ನಂಬಬೇಡಿ.

ಲಕ್ಷಣ: ನಾಯಿ ಇದ್ದರೂ ಕುರಿ ಹೋಗುತ್ತಿದೆ

ನಾಯಿ ಯಾವ ಬಗೆಯದು? ಮುಧೋಳ ನಾಯಿ ಅಟ್ಟಿಸಿಕೊಂಡು ಹೋಗುವ ತಳಿ. ಅದು ತೋಳದ ಹಿಂದೆ ಓಡಿದಾಗ ಮಂದೆ ಬರಿದಾಗುತ್ತದೆ, ಇನ್ನೊಂದು ತೋಳ ಆ ಹೊತ್ತಿಗೇ ಕಾದಿರುತ್ತದೆ. ಕಾವಲು ನಾಯಿಗೆ ಬೇಕಾದ ಗುಣ ಬೇರೆ. ಮಂದೆ ಬಿಟ್ಟು ಕದಲದೆ ನಿಂತು ಬೊಗಳುವುದು, ಅಷ್ಟೇ. ಇದು ತಳಿಯಿಂದ ಅರ್ಧ, ಸಾಕಣೆಯಿಂದ ಅರ್ಧ ಬರುತ್ತದೆ. ಆರೇಳು ವಾರದ ಮರಿಯನ್ನು ಕುರಿಮರಿಗಳ ನಡುವೆಯೇ ಬಿಟ್ಟು, ಅಲ್ಲೇ ಊಟ, ಅಲ್ಲೇ ನಿದ್ದೆ ಆಗುವಂತೆ ನೋಡಿಕೊಂಡರೆ ನಾಟಿ ನಾಯಿಯೂ ಒಳ್ಳೆಯ ಕಾವಲುಗಾರ. ಮನೆಯಲ್ಲಿ ಮುದ್ದಿಸಿ ಬೆಳೆಸಿ ಆಮೇಲೆ ಹಟ್ಟಿಗೆ ಕಟ್ಟಿದ ನಾಯಿ ಮನೆಯ ಕಡೆಗೇ ಮುಖ ಮಾಡಿರುತ್ತದೆ. ನಮೀಬಿಯಾದಲ್ಲಿ ಚೀತಾ ಕನ್ಸರ್ವೇಶನ್ ಫಂಡ್ 1994ರಿಂದ ರೈತರಿಗೆ ಅನಟೋಲಿಯದ ಕುರಿಕಾಯುವ ನಾಯಿಮರಿಗಳನ್ನು ಕೊಡುತ್ತ ಬಂದಿದೆ. ಚೀತಾವನ್ನು ಗುಂಡಿಟ್ಟು ಕೊಲ್ಲುತ್ತಿದ್ದ ರೈತರೇ ಈಗ ಮರಿಗಾಗಿ ಸರದಿ ಕಾಯುತ್ತಾರೆ.

ಚಿರತೆ ಇರುವ ಕಡೆ ಈ ಲೆಕ್ಕ ತಿರುವುಮುರುವು. ಅಲ್ಲಿ ನಾಯಿಯೇ ಆಹಾರ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಕಬ್ಬಿನ ಸೀಮೆಯಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದು ತಿಂದ ಮಾಂಸದ ತೂಕದಲ್ಲಿ ನೂರಕ್ಕೆ 39 ಪಾಲು ನಾಯಿಯದು ಎಂದು ಕಂಡುಬಂತು. ಕುರಿ ಮೇಕೆಗಿಂತ ಎಷ್ಟೋ ಹೆಚ್ಚು. ಆದ್ದರಿಂದ ನಾಯಿಯನ್ನು ರೊಪ್ಪದ ಹೊರಗೆ ಸರಪಳಿಯಲ್ಲಿ ಕಟ್ಟಿದರೆ ನಾವೇ ಚಿರತೆಯನ್ನು ಬಾಗಿಲವರೆಗೆ ಕರೆದಂತೆ. ರಾತ್ರಿ ನಾಯಿ ಜಾಲರಿಯ ಒಳಗಿರಲಿ. ಹಿಮಾಚಲದ ಗದ್ದಿ ಕುರಿಗಾರರು ಕಟ್ಟುವಂಥ ಕಬ್ಬಿಣದ ಮುಳ್ಳಿನ ಪಟ್ಟಿ ಕತ್ತಿಗಿರಲಿ, ಚಿರತೆಯ ಮೊದಲ ಹಿಡಿತ ಬೀಳುವುದೇ ಅಲ್ಲಿಗೆ. ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯನ್ನು ತಪ್ಪಿಸಬೇಡಿ. ಈ ಎರಡೂ ರೋಗ ನಾಯಿಯಿಂದ ತೋಳಕ್ಕೆ ಹರಡುತ್ತವೆ, ರೇಬೀಸ್ ಹಿಡಿದ ತೋಳ ಊರಿಗೇ ಅಪಾಯ.

ಲಕ್ಷಣ: ದೀಪ ಹಾಕಿದ ಮೇಲೆ ನಿಂತಿತ್ತು, ಈಗ ಮತ್ತೆ ಶುರು

ಪ್ರಾಣಿ ದೀಪಕ್ಕೆ ಒಗ್ಗಿಕೊಂಡಿದೆ. ಒಂದೇ ಸಮನೆ ಉರಿಯುವ ಬಲ್ಬಿಗೆ ಯಾವ ಪ್ರಾಣಿಯೂ ಹೆಚ್ಚು ದಿನ ಹೆದರುವುದಿಲ್ಲ, ಅದರ ಬೆಳಕಿನಲ್ಲಿ ಕುರಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕೆಲಸ ಮಾಡುವುದು ಮನುಷ್ಯ ಬ್ಯಾಟರಿ ಹಿಡಿದು ಓಡಾಡಿದಂತೆ ಬಣ್ಣ, ದಿಕ್ಕು, ಅಂತರ ಬದಲಿಸುತ್ತ ಮಿನುಗುವ ದೀಪ. ನೈರೋಬಿ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿ ರಿಚರ್ಡ್ ಟುರೇರೆ ಎಂಬ ಮಾಸಾಯಿ ಹುಡುಗ ಹಳೆಯ ಬ್ಯಾಟರಿ, ಸೌರ ಫಲಕ, ಸಣ್ಣ ಬಲ್ಬು ಸೇರಿಸಿ ಸಿಂಹಗಳಿಗಾಗಿ ಮಾಡಿದ್ದು ಇಂಥದ್ದೇ. ಆಸ್ಟ್ರೇಲಿಯದ ಫಾಕ್ಸ್‌ಲೈಟ್ಸ್ ದೀಪವನ್ನು ಚಿಲಿಯ ಎತ್ತರದ ಬಯಲಿನಲ್ಲಿ ಪರೀಕ್ಷಿಸಿದಾಗ ಪೂಮಾ ಎಂಬ ದೊಡ್ಡ ಕಾಡುಬೆಕ್ಕು ದೂರ ಉಳಿಯಿತು, ಅಲ್ಲಿನ ನರಿ ಮಾತ್ರ ಲೆಕ್ಕಿಸಲಿಲ್ಲ. ಬಂದದ್ದು ಯಾವುದೆಂದು ಮೊದಲು ತಿಳಿಯಿರಿ ಎಂದದ್ದು ಇದಕ್ಕೇ.

ದೀಪವನ್ನು ವರ್ಷವಿಡೀ ಹಾಕಬೇಡಿ. ಕುರಿ ಈಯುವ ವಾರಗಳಲ್ಲಿ, ಹತ್ತಿರದಲ್ಲಿ ದಾಳಿ ಆದ ಸುದ್ದಿ ಬಂದಾಗ ಹಾಕಿ, ಮೂರ್ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ, ಮುಗಿದ ಮೇಲೆ ತೆಗೆದಿಡಿ. ಪಟಾಕಿ, ರೇಡಿಯೊಗೂ ಇದೇ ನಿಯಮ.

ಲಕ್ಷಣ: ಮೇಯಲು ಹೋದಲ್ಲಿ ಹಗಲು ಅಥವಾ ಮುಸ್ಸಂಜೆ ಹೊತ್ತು ನಷ್ಟ

ಹಿಂದುಳಿದದ್ದು ಯಾವುದು ಎಂದು ನೋಡಿ. ಕುಂಟುವ ಕುರಿ, ಈಯಲು ದೂರ ಸರಿದ ಹಸು, ಗೂಟಕ್ಕೆ ಕಟ್ಟಿ ಮರೆತ ಕರು. ಲಂಟಾನ ಪೊದೆ, ಹಳ್ಳದ ದಡ, ಕಬ್ಬಿನ ಗದ್ದೆಯ ಬದು ಚಿರತೆ ಹೊಂಚುವ ಜಾಗಗಳು. ಅಲ್ಲಿ ಹಿಂಡನ್ನು ಚದುರಲು ಬಿಡದೆ ಬೇಗ ದಾಟಿಸಿ, ಕತ್ತಲು ಕವಿಯುವ ಮುಂಚೆ ಹಟ್ಟಿ ಸೇರಿ, ಬಾಗಿಲಲ್ಲಿ ಎಣಿಸಿ.

ದನ ಮೇಯಿಸುವವರಿಗೆ ಒಂದು ಹೊಸ ಉಪಾಯವೂ ಇದೆ. ಬೋಟ್ಸ್ವಾನದ ಒಕವಾಂಗೊ ಸೀಮೆಯಲ್ಲಿ ದನಗಳ ಹಿಂಭಾಗಕ್ಕೆ ಬಣ್ಣದಿಂದ ಎರಡು ದೊಡ್ಡ ಕಣ್ಣು ಬರೆದು ನಾಲ್ಕು ವರ್ಷ ಗಮನಿಸಿದರು. ಕಣ್ಣು ಬರೆದ 683 ದನಗಳಲ್ಲಿ ಒಂದನ್ನೂ ಸಿಂಹವಾಗಲಿ ಚಿರತೆಯಾಗಲಿ ಕೊಲ್ಲಲಿಲ್ಲ. ಏನೂ ಬರೆಯದ 835ರಲ್ಲಿ 15, ಬರೀ ಕತ್ತರಿ ಗುರುತು ಬರೆದ 543ರಲ್ಲಿ 4 ಸತ್ತವು. 2020ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಹೊಂಚಿ ಹಿಡಿಯುವ ಪ್ರಾಣಿ ತನ್ನನ್ನು ನೋಡಿಬಿಟ್ಟರು ಎನಿಸಿದರೆ ಹಿಂಜರಿಯುತ್ತದೆ. ತೋಳ, ಸೀಳುನಾಯಿ ಹೊಂಚುವುದಕ್ಕಿಂತ ಅಟ್ಟಿ ಹಿಡಿಯುವುದೇ ಹೆಚ್ಚು, ಅವಕ್ಕೆ ಇದು ನಾಟುವ ಭರವಸೆ ಇಲ್ಲ.

ಲಕ್ಷಣ: ಎಲ್ಲ ಸರಿ ಮಾಡಿದರೂ ಸುತ್ತಮುತ್ತ ಓಡಾಟ ನಿಂತಿಲ್ಲ

ಊರಂಚಿನ ತಿಪ್ಪೆ ನೋಡಿ ಬನ್ನಿ. ಸತ್ತ ಕರು, ಕೋಳಿ ಅಂಗಡಿಯ ಕಸ ಬಿದ್ದಲ್ಲಿ ನಾಯಿ ಸೇರುತ್ತವೆ, ನಾಯಿಗಾಗಿ ಚಿರತೆ ಬರುತ್ತದೆ. ಸತ್ತದ್ದನ್ನು ಆಳವಾಗಿ ಹೂಳಿ ಸುಣ್ಣ ಹಾಕಿ. ಇದು ಒಂದು ಮನೆಯವರಿಂದ ಆಗುವುದಿಲ್ಲ, ಪಂಚಾಯಿತಿಯಲ್ಲಿ ಮಾತಾಡಿ. ಕಬ್ಬಿನ ಕಟಾವಿನಲ್ಲಿ ಚಿರತೆ ಮರಿ ಸಿಕ್ಕರೆ ಎತ್ತಿಕೊಳ್ಳಬೇಡಿ, ಇಲಾಖೆಗೆ ತಿಳಿಸಿ ದೂರ ಸರಿಯಿರಿ. ಕತ್ತಲಾದ ಮೇಲೆ ತಾಯಿ ಬಂದು ಒಯ್ಯುತ್ತದೆ.

ಮಾಡಬಾರದ್ದು

ಸತ್ತ ಕುರಿಗೆ ಕೀಟನಾಶಕ ಸುರಿದರೆ ಸಾಯುವುದು ಚಿರತೆಯೊಂದೇ ಅಲ್ಲ. ರಣಹದ್ದು, ನರಿ, ನಿಮ್ಮದೇ ನಾಯಿ. ಬೇಲಿಗೆ ಕಂಬದಿಂದ ನೇರ ಕರೆಂಟು ಕೊಟ್ಟರೆ ಪಕ್ಕದ ಹೊಲದ ಕೂಲಿಯವರೂ ಸಾಯುತ್ತಾರೆ. ಸೋಲಾರ್ ಬೇಲಿ ಬೇರೆ, ಅದರ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುತ್ತದೆ, ನೋವಾಗುತ್ತದೆ ಜೀವ ಹೋಗುವುದಿಲ್ಲ. ತೋಳ, ಚಿರತೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಸೆರೆವಾಸ.

ಬೋನಿನ ಬಗ್ಗೆ ಪುಣೆ ಜಿಲ್ಲೆಯ ಜುನ್ನರ್ ಕಲಿಸಿದ್ದನ್ನು ಎಲ್ಲ ಊರಿನವರೂ ತಿಳಿಯಬೇಕು. 2001ರಿಂದ ಅಲ್ಲಿ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಡತೊಡಗಿದ ಮೇಲೆ ಜನರ ಮೇಲಿನ ದಾಳಿ ಇಳಿಯುವ ಬದಲು ಏರಿತು, ಬಿಟ್ಟ ಜಾಗಗಳ ಹತ್ತಿರವೂ ದಾಳಿ ಶುರುವಾಯಿತು. ಕುರಿಗಾಗಿ ಬಂದ ಚಿರತೆಯನ್ನು ಬೋನಿಗೆ ಹಾಕಿಸುವುದೆಂದರೆ ಕಷ್ಟವನ್ನು ಇನ್ನೊಂದು ಊರಿಗೆ, ಇನ್ನೂ ಕೆಟ್ಟ ರೂಪದಲ್ಲಿ ಕಳಿಸುವುದು. ಮನುಷ್ಯರ ಮೇಲೆ ಎರಗಿದ ಪ್ರಾಣಿಯ ವಿಚಾರ ಬೇರೆ, ಅದನ್ನು ಇಲಾಖೆಗೆ ಬಿಡಬೇಕು.

ಪರಿಹಾರ, ಮರುತಪಾಸಣೆ

ನಷ್ಟವಾದ ದಿನವೇ ಅರಣ್ಯ ಇಲಾಖೆಯ 1926ಕ್ಕೆ ಅಥವಾ ವಲಯ ಕಚೇರಿಗೆ ತಿಳಿಸಿ, ಸ್ಥಳ ಮಹಜರು ಮತ್ತು ಪಶುವೈದ್ಯರ ವರದಿ ಮಾಡಿಸಿ, ಇಲಾಖೆಯ ಆನ್‌ಲೈನ್ ವ್ಯವಸ್ಥೆ ಇ–ಪರಿಹಾರದಲ್ಲಿ ಅರ್ಜಿ ಹಾಕಿಸಿ. ಬಂಡೀಪುರ, ನಾಗರಹೊಳೆ ಸುತ್ತಿನವರಿಗೆ ಈ ಅರ್ಜಿ ಕೆಲಸದಲ್ಲಿ 2015ರಿಂದ ವೈಲ್ಡ್ ಸೇವೆ ಎಂಬ ಯೋಜನೆ ನೆರವಾಗುತ್ತಿದೆ. ಬೆಳಿಗ್ಗೆ ತೆಗೆದ ಫೋಟೊಗಳು ಇಲ್ಲಿ ಬೇಕಾಗುತ್ತವೆ.

ದುರಸ್ತಿ ಮುಗಿದ ಮೇಲೆ ರೊಪ್ಪದ ಸುತ್ತ ಎರಡಡಿ ಅಗಲಕ್ಕೆ ನುಣುಪಾದ ಮಣ್ಣು ಹರಡಿ, ಸಂಜೆ ಸೊಪ್ಪಿನ ಬರಲಿನಿಂದ ಸವರಿಬಿಡಿ. ಬೆಳಿಗ್ಗೆ ನೋಡಿದರೆ ರಾತ್ರಿ ಯಾರು ಬಂದಿದ್ದರು, ಯಾವ ಮೂಲೆಯಲ್ಲಿ ನಿಂತರು, ಎಲ್ಲಿ ಕೆರೆದು ನೋಡಿದರು ಎಲ್ಲ ಬರೆದಿರುತ್ತದೆ. ಹೆಜ್ಜೆ ಬಂದು ಸುತ್ತಿ ಹಾಗೇ ಹೊರಟುಹೋಗಿದ್ದರೆ ದುರಸ್ತಿ ಸರಿಯಾಗಿದೆ. ಒಂದೇ ಜಾಗದಲ್ಲಿ ದಿನವೂ ಬಂದು ನಿಲ್ಲುತ್ತಿದ್ದರೆ ಅಲ್ಲಿ ಇನ್ನೂ ಒಂದು ಸಂದು ಉಳಿದಿದೆ, ಬ್ಯಾಟರಿ ತೆಗೆದುಕೊಂಡು ಆ ಮೂಲೆಯನ್ನು ಮತ್ತೊಮ್ಮೆ ನೋಡಿ.